ಗಡಿನಾಡಿನ ನಮ್ಮ ದಿನಗಳು: ಯಾವುದು, ಯಾವಾಗ, ಯಾಕೆ?



ಮಹಾರಾಷ್ಟ್ರದಲ್ಲಿರುವ ನಾವು ಕನ್ನಡಿಗರು ಯಾವ ದಿನ ಆಚರಿಸಬೇಕು, ಅದಕ್ಕೆ ಕಾರಣವೇನು ಎಂದು ಔರಾದ ಶಹಾಜನಿ, ನಿಲಂಗಾ, ಉದಗೀರ, ಉಮರ್ಗಾ ಕಡೆಯ ಸದಸ್ಯರು ಮೇಲಿಂದ ಮೇಲೆ ಕೇಳುತ್ತಾರೆ. ಮಕ್ಕಳಿಗೆ ಹೇಳಲು ಅನುಕೂಲವಾಗಲೆಂದು ಮುಖ್ಯವಾದ ನಾಲ್ಕು ದಿನಗಳನ್ನು ಇಲ್ಲಿ ವಿವರಿಸಿದ್ದೇವೆ.

ಸೆಪ್ಟೆಂಬರ್ 17

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾಯಿತು. ನಮ್ಮ ಭಾಗಕ್ಕೆ ಮಾತ್ರ ಅಂದು ಸ್ವಾತಂತ್ರ್ಯ ಬರಲಿಲ್ಲ. ನಾವು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದೆವು. ರಜಾಕಾರರ ಹಾವಳಿಯಲ್ಲಿ ಹಳ್ಳಿಗಳು ನಲುಗಿದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂದಿತು, 17ರಂದು ನಿಜಾಮರು ಕದನ ನಿಲ್ಲಿಸಿದರು. ಅಂದರೆ ನಮಗೆ ಸ್ವಾತಂತ್ರ್ಯ ಬಂದದ್ದು ಹದಿಮೂರು ತಿಂಗಳು ತಡವಾಗಿ.

ಈ ದಿನ ನಮ್ಮಲ್ಲಿ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ. ಪಕ್ಕದ ಬೀದರ, ಕಲಬುರಗಿಯಲ್ಲಿ ಇದೇ ಕಲ್ಯಾಣ ಕರ್ನಾಟಕ ಉತ್ಸವ. ಹೆಸರು ಎರಡಾದರೂ ಹೋರಾಟ ಒಂದೇ. ಅದರ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ಕನ್ನಡ ನೆಲದಲ್ಲಿ, 1903ರ ಅಕ್ಟೋಬರ್ 3ರಂದು. ಶಿಕ್ಷಕರಾಗಿ ದುಡಿದದ್ದು ಮರಾಠವಾಡದಲ್ಲಿ. ನಾಂದೇಡದ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರಿದೆ. ಆದ್ದರಿಂದ ಈ ದಿನವನ್ನು ಮರಾಠಿ ನೆರೆಹೊರೆಯವರೊಂದಿಗೆ ಕೂಡಿಯೇ ಆಚರಿಸಬೇಕು.

ನವೆಂಬರ್ 1

ಅಭಿಪ್ರಾಯಭೇದ ಬರುವುದು ಈ ದಿನದ ಬಗ್ಗೆ. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದು ರಾಜ್ಯವಾದವು. ಆಗ ಅದರ ಹೆಸರು ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಕರ್ನಾಟಕಕ್ಕೆ ಅದು ಕೂಡಿದ ದಿನ. ನಮಗೆ ಅಗಲಿದ ದಿನ. ಅಲ್ಲಿಯವರೆಗೆ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಅಂದು ಮುಂಬಯಿ ರಾಜ್ಯಕ್ಕೆ ಸೇರಿದವು. ಅದೇ ಜಿಲ್ಲೆಯ ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ ಹೋದವು. ಒಂದೇ ಜಿಲ್ಲೆಯಲ್ಲಿದ್ದ ಎರಡು ಔರಾದಗಳಲ್ಲಿ ಒಂದು ಅಲ್ಲಿ ಉಳಿಯಿತು, ನಮ್ಮದು ಇಲ್ಲಿ. ಉಮರ್ಗಾ ಮೊದಲಿನಿಂದಲೂ ಉಸ್ಮಾನಾಬಾದ ಜಿಲ್ಲೆಯದು, ಆದ್ದರಿಂದ ಆ ಕಡೆಯವರಿಗೆ ರಾಜ್ಯ ಬದಲಾಯಿತು, ಜಿಲ್ಲೆ ಬದಲಾಗಲಿಲ್ಲ.

ಮುಂದೆ 1960ರ ಮೇ 1ರಂದು ಮಹಾರಾಷ್ಟ್ರ ಆಯಿತು. 1982ರಲ್ಲಿ ಲಾತೂರ ಜಿಲ್ಲೆ ಬೇರೆಯಾಯಿತು. ಮನೆ ಬಿಟ್ಟು ಎಲ್ಲೂ ಹೋಗದ ನಿಲಂಗಾದ ಹಿರಿಯರೊಬ್ಬರು ಹೀಗೆ ಮೂರು ರಾಜ್ಯ, ಮೂರು ಜಿಲ್ಲೆ ಕಂಡಿದ್ದಾರೆ.

‘ಅಗಲಿದ ದಿನವನ್ನು ಹಬ್ಬ ಮಾಡುವುದೇಕೆ?’ ಎಂದು ಹಿರಿಯರು ಕೇಳುತ್ತಾರೆ. ‘ಕರ್ನಾಟಕದಲ್ಲಿ ಮಾಡಿದಂತೆಯೇ ಮಾಡೋಣ’ ಎಂದು ಯುವಕರು ಹೇಳುತ್ತಾರೆ. ನಮ್ಮ ಅಭಿಪ್ರಾಯ ಇಷ್ಟು: ಗಡಿಯ ವಾದವನ್ನು ಅಂದು ಎತ್ತುವುದು ಬೇಡ, ಭಾಷೆಯ ದಿನವೆಂದು ಆಚರಿಸೋಣ. ನಮ್ಮ ಮನೆಗಳಲ್ಲಿ ಕನ್ನಡ ಮಾತನಾಡುವ, ಆದರೆ ಓದಲು ಬಾರದ ಮಕ್ಕಳು ಹೆಚ್ಚುತ್ತಿದ್ದಾರೆ. ಶಾಲೆ ಮರಾಠಿಯದು, ಅದು ಬೇಕು ಕೂಡ. ಆದರೆ ಅಜ್ಜನ ಕಾಗದ ಮೊಮ್ಮಗನಿಗೆ ಓದಲು ಬಾರದಿದ್ದರೆ ಹಾರ, ಭಾಷಣಗಳಿಂದ ಏನು ಬಂತು? ಅಂದು ಒಂದು ಮಗುವಿಗಾದರೂ ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿಸಿರಿ.

ಎಳ್ಳ ಅಮಾವಾಸ್ಯೆ

ಇದು ಮಾರ್ಗಶಿರ ಅಮಾವಾಸ್ಯೆ, ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಬರುತ್ತದೆ. ಲಾತೂರ, ಧಾರಾಶಿವ ಭಾಗದ ಮರಾಠಿ ರೈತರು ಇದನ್ನೇ ‘ವೇಳ ಅಮಾವಾಸ್ಯಾ’ ಎನ್ನುತ್ತಾರೆ. ಜೋಳದ ಹೊಲದಲ್ಲಿ ಕಣಿಕೆಯ ಕೊಂಪೆ, ಅದರಲ್ಲಿ ಪಾಂಡವರೆಂದು ಐದು ಕಲ್ಲು, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಆಮೇಲೆ ಚರಗ ಚೆಲ್ಲುವುದು. ಬೀದರ ಕಡೆಯೂ ಇದೇ ಪದ್ಧತಿ. ರಾಜ್ಯದ ಗಡಿ ಈ ಹಬ್ಬವನ್ನು ಎರಡು ಮಾಡಲಿಲ್ಲ.

ಬಸವ ಜಯಂತಿ

ವೈಶಾಖ ಶುದ್ಧ ತದಿಗೆ, ಅಂದರೆ ಅಕ್ಷಯ ತೃತೀಯೆ. ಇದನ್ನು ಸಾರ್ವಜನಿಕವಾಗಿ ಆಚರಿಸುವ ರೂಢಿ 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರಿಂದ ಆರಂಭವಾಯಿತು. ತಿಥಿಯ ಹಬ್ಬವಾದ್ದರಿಂದ ತಾರೀಖು ಪ್ರತಿ ವರ್ಷ ಬದಲಾಗುತ್ತದೆ. ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ ತಿಂಗಳು ಅಮಾವಾಸ್ಯೆಗೆ ಮುಗಿಯುವುದರಿಂದ ನಮ್ಮ ಯುಗಾದಿಯೂ ಅವರ ಗುಡಿ ಪಾಡವಾವೂ ಒಂದೇ ದಿನ.

ಸದಸ್ಯರಲ್ಲಿ ವಿನಂತಿ

ಮನೆಯ ಹಳೆಯ ಕಾಗದಪತ್ರಗಳಲ್ಲಿ ‘ಜಿಲ್ಲೆ ಬೀದರ’ ಎಂದಿದ್ದರೆ ಅದು ತಪ್ಪು ಬರಹವಲ್ಲ, 1956ಕ್ಕಿಂತ ಮೊದಲಿನ ಕಾಗದ ಎಂದು ತಿಳಿಯಿರಿ. ನಿಜಾಮರ ಕಾಲದ ದಾಖಲೆಗಳಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ಸಿಗುತ್ತದೆ. ಫಸಲಿ 1350 ಎಂದರೆ 1940-41. ಇಂಥ ಕಾಗದಗಳನ್ನು ರದ್ದಿಗೆ ಹಾಕಬೇಡಿರಿ.

1956ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಬೀದರ ಜಿಲ್ಲೆಯವರಾಗಿದ್ದ ಕಾಲವನ್ನು ಕಣ್ಣಾರೆ ಕಂಡವರು ಅವರೇ. ಈ ಸಲದ ನವೆಂಬರ್ 1ಕ್ಕೆ ಮೊದಲೇ ಅವರ ಹತ್ತಿರ ಕುಳಿತು ಕೇಳಿರಿ, ಅವರು ಹೇಳಿದ್ದನ್ನು ಬರೆದು ನಮಗೆ ಕಳಿಸಿರಿ. ಕನ್ನಡದಲ್ಲಿ ಬರೆಯಲು ಬಾರದಿದ್ದರೆ ಮರಾಠಿಯಲ್ಲಿ ಬರೆದರೂ ಆದೀತು, ಕನ್ನಡಕ್ಕೆ ನಾವು ಇಳಿಸಿಕೊಳ್ಳುತ್ತೇವೆ.

ಕಾರ್ಯದರ್ಶಿ