ಪಂಚರ್ ನಮ್ಮದು, ಕಡ್ಡಿ ಸೈಕಲ್ ಶಾಪಿನದು

ಹಳ್ಳಿಗಳಲ್ಲಿ ಹಿತ್ತಿಲ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿರುವ ಸೈಕಲ್ ಕಂಡಾಗೆಲ್ಲ ನಾನು ಮೊದಲು ಟಯರ್ ಒತ್ತಿ ನೋಡುತ್ತೇನೆ. ಎಷ್ಟೋ ಸಲ ಗಾಳಿ ಇಳಿದಿರುತ್ತದೆ, ಅಷ್ಟೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದ ಮೇಲೆ ಹಳ್ಳಿಹಳ್ಳಿಗೂ ಸೈಕಲ್ ಬಂತು. ಅದನ್ನು ಬಿಚ್ಚಿ ಜೋಡಿಸುವ ವಿದ್ಯೆ ಜೊತೆಗೆ ಬರಲಿಲ್ಲ. ಸೈಕಲ್ ಶಾಪ್ ದೂರವಿದ್ದರೆ ಒಂದು ಜಾಲಿಮುಳ್ಳು ಸಾಕು, ಮಗು ಮತ್ತೆ ನಡೆದೇ ಶಾಲೆಗೆ ಹೋಗಬೇಕು.

ಮನೆಯಲ್ಲೇ ಆಗುವ ಕೆಲಸ

ಗಾಳಿ ಇಳಿದ ಕೂಡಲೇ ಟಯರ್ ಬಿಚ್ಚಬೇಕಿಲ್ಲ. ಸಾದಾ ಸೈಕಲ್ಲಿನ ಹಳೇ ಬಗೆಯ ವಾಲ್ವ್‌ನಲ್ಲಿ ತೆಳುವಾದ ವಾಲ್ ಟ್ಯೂಬ್ ಇರುತ್ತದೆ. ಅದು ಹರಿದರೂ ಗಾಳಿ ನಿಲ್ಲದು. ಪಂಚರೇ ಆಗಿದ್ದರೆ ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗ ಗುರುತಿಸಿ, ಒರೆಸಿ, ಉಪ್ಪುಕಾಗದದಿಂದ ಉಜ್ಜಿ ಸೊಲ್ಯೂಷನ್ ಹಚ್ಚಬೇಕು. ಅದು ಆರುವ ಮುನ್ನವೇ ಪ್ಯಾಚ್ ಅಂಟಿಸಿದರೆ ನಿಲ್ಲುವುದಿಲ್ಲ. ಟಯರಿನ ಒಳಗೆ ಬಟ್ಟೆ ಆಡಿಸಿ ಮುಳ್ಳು ತೆಗೆಯದಿದ್ದರೆ ಅದೇ ಮುಳ್ಳು ಮರುದಿನವೂ ಚುಚ್ಚುತ್ತದೆ.

ಅನುಭವದ ಕೈ ಬೇಕಾದಲ್ಲಿ

ಒಮ್ಮೆ ಎಡ ಪೆಡಲನ್ನು ಬಲವಂತವಾಗಿ ತಿರುಗಿಸಿ ಥ್ರೆಡ್ ಕೆಡಿಸಿದ್ದೆ. ಶಾಪಿನ ಯಜಮಾನರು ಬೇರೆ ಕ್ರ್ಯಾಂಕ್ ಹಾಕುತ್ತಾ ಹೇಳಿದರು: "ಎಡಗಡೇದು ಉಲ್ಟಾ ಥ್ರೆಡ್ಡು ಸಾರ್. ಇಲ್ದಿದ್ರೆ ತುಳೀತಾ ತುಳೀತಾ ತಾನೇ ಬಿಚ್ಕೊಳ್ಳುತ್ತೆ." ಆಮೇಲೆ ಅವರು ನನ್ನ ಹಿಂಚಕ್ರದ ಬೆಂಡ್ ತೆಗೆದದ್ದನ್ನು ಕೂತು ನೋಡಿದೆ. ಹಿಂದೆ 40 ಕಡ್ಡಿ, ಮುಂದೆ 32. ಒಂದನ್ನು ಬಿಗಿದರೆ ರಿಮ್ ಅತ್ತ ವಾಲುತ್ತದೆ, ಪಕ್ಕದ್ದನ್ನು ಸಡಿಲಿಸಬೇಕು. ಕಾಲು ಸುತ್ತು ತಿರುವಿ, ಚಕ್ರ ಸುತ್ತಿಸಿ, ಮತ್ತೆ ಕಾಲು ಸುತ್ತು. ಆ ಅಂದಾಜು ಸಾವಿರಾರು ಚಕ್ರ ಮುಟ್ಟಿದ ಕೈಗೆ ಮಾತ್ರ ಬರುವಂಥದ್ದು. ಅದಕ್ಕೆ ಅವರು ಕೇಳಿದ ಕೂಲಿಯಲ್ಲಿ ಚೌಕಾಸಿ ಮಾಡುವುದು ಅನ್ಯಾಯ.

ಪಂಚರ್ ನಾವೇ ಹಾಕಿಕೊಂಡರೆ ಅವರ ಹೊಟ್ಟೆಪಾಡೇನು ಎಂದು ಕೇಳುವವರಿದ್ದಾರೆ. ಓಡುವ ಸೈಕಲ್ಲಿಗೆ ಟಯರ್ ಸವೆಯುತ್ತದೆ, ಚೈನ್ ಜಗ್ಗುತ್ತದೆ, ವರ್ಷಕ್ಕೊಮ್ಮೆ ಬಾಲ್ಸ್ ಬಿಚ್ಚಿ ಗ್ರೀಸ್ ತುಂಬಬೇಕಾಗುತ್ತದೆ. ಗೋಡೆಗೊರಗಿದ ಸೈಕಲ್ಲಿನಿಂದ ಶಾಪಿಗೆ ಬಿಡಿಗಾಸೂ ಹುಟ್ಟದು.

ಮಕ್ಕಳಿಗೆ ಸೈಕಲ್ ಕೊಡುವುದಾದರೆ ಅದರ ಜೊತೆಗೆ ಒಂದು ಪಂಪು, ಒಂದು ಸೊಲ್ಯೂಷನ್ ಟ್ಯೂಬು, ನಾಲ್ಕು ಪ್ಯಾಚನ್ನೂ ಕೊಡಲಿ. ಊರಿನ ಸೈಕಲ್ ಶಾಪಿನವರನ್ನೇ ಶಾಲೆಗೆ ಕರೆಸಿ, ಸಂಭಾವನೆ ಕೊಟ್ಟು, ಒಂದು ಮಧ್ಯಾಹ್ನ ಪಂಚರ್ ಹಾಕುವುದನ್ನು ಹೇಳಿಕೊಡಿಸಲಿ. ಅವರೂ ಮೇಷ್ಟ್ರೇ.