ಎರಡಕ್ಷರದ ಒಪ್ಪಿಗೆ

“ನಾಳೆ ಬೆಳಿಗ್ಗೆ ಅಜ್ಜಿಯನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಪ್ಪ” ಎಂದು ತಂದೆಯು ಮಗನಿಗೆ ಹೇಳುತ್ತಾನೆ. ಮಗನು ತಲೆಯೆತ್ತದೆಯೇ “ಓ. ಕೆ.” ಎನ್ನುತ್ತಾನೆ. ಮರುದಿನ ಅಜ್ಜಿಯು ಮಡಿಸಿಟ್ಟ ಸೀರೆಯನ್ನುಟ್ಟು ಜಗಲಿಯ ಮೇಲೆ ಕಾದು ಕುಳಿತಿರಲು, ಮೊಮ್ಮಗನ ಸುಳಿವೇ ಇಲ್ಲ. “ಒಪ್ಪಿಕೊಂಡಿದ್ದೆಯಲ್ಲವೆ?” ಎಂದು ತಂದೆಯ ಕೋಪ, “ಕೇಳಿಸಿತೆಂದು ಹೇಳಿದೆನೇ ಹೊರತು ಹೋಗುವೆನೆಂದು ಹೇಳಲಿಲ್ಲ” ಎಂದು ಮಗನ ಸಮಾಧಾನ. ಇಂತಹ ವ್ಯಾಜ್ಯವನ್ನು ಕಾಣದ ಮನೆಗಳು ವಿರಳ. ಇದನ್ನು ತೀರಿಸಬೇಕಾದರೆ ಆ ಶಬ್ದದ ಜಾತಕವನ್ನು ಸ್ವಲ್ಪ ನೋಡಬೇಕಾಗುವುದು.

ಅದು ಹುಟ್ಟಿದುದು ವಿನೋದದಲ್ಲಿ. ಅಮೆರಿಕದ ಬಾಸ್ಟನ್ ನಗರದ ಪತ್ರಿಕೆಯವರಿಗೆ ಒಂದು ಕಾಲದಲ್ಲಿ, ಮಾತುಗಳನ್ನು ಬೇಕೆಂದೇ ತಪ್ಪಾಗಿ ಬರೆದು, ಆ ತಪ್ಪಿನ ಮೊದಲಕ್ಷರಗಳನ್ನು ಮಾತ್ರ ಅಚ್ಚುಮಾಡುವ ಹುಚ್ಚು ಹಿಡಿದಿದ್ದಿತು. ‘ಆಲ್ ಕರೆಕ್ಟ್’, ಅಂದರೆ ‘ಎಲ್ಲವೂ ಸರಿ’ ಎಂಬುದಕ್ಕೆ ನ್ಯಾಯವಾಗಿ ‘ಎ’, ‘ಸಿ’ ಎಂಬ ಅಕ್ಷರಗಳು ಬರಬೇಕು. ಅವರು ಕಿವಿಗೆ ಕೇಳಿದಂತೆ ‘ಓ’, ‘ಕೆ’ ಎಂದು ಬರೆದರು. 1839ನೆಯ ಇಸವಿ ಮಾರ್ಚಿ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಎಲ್ಲವೂ ಸರಿಯೆಂಬ ಮಾತಿನಲ್ಲಿ ಒಂದಕ್ಷರವೂ ಸರಿಯಿಲ್ಲದಿರುವುದೇ ಅದರ ಸ್ವಾರಸ್ಯ! ಈ ಮೂಲವನ್ನು ಹಳೆಯ ಪತ್ರಿಕೆಗಳಿಂದ ಹುಡುಕಿ ಸ್ಥಾಪಿಸಿದವರು ಅಲೆನ್ ವಾಕರ್ ರೀಡ್ ಎಂಬ ಪಂಡಿತರು. 1963–64ರಲ್ಲಿ ಅವರ ಲೇಖನಗಳು ಪ್ರಕಟವಾದುವು.

ಅಂತಹ ಇತರ ಹಾಸ್ಯಗಳು ಅಳಿದುಹೋದರೂ ಇದು ಉಳಿಯಿತು. ಅಧ್ಯಕ್ಷರಾಗಿದ್ದ ಮಾರ್ಟಿನ್ ವ್ಯಾನ್ ಬ್ಯೂರೆನ್ನರಿಗೆ ಅವರ ಹುಟ್ಟೂರಿನಿಂದ ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರಿದ್ದಿತು. ಅದರ ಮೊದಲಕ್ಷರಗಳೂ ಇವೇ ಆದುದರಿಂದ, 1840ರ ಚುನಾವಣೆಯಲ್ಲಿ ಅವರ ಪಕ್ಷದವರು ಇದನ್ನೇ ಘೋಷಣೆಯಾಗಿ ಮಾಡಿಕೊಂಡರು. ವ್ಯಾನ್ ಬ್ಯೂರೆನ್ನರು ಸೋತರು, ಶಬ್ದವು ಗೆದ್ದಿತು. ಅನಂತರ ತಂತಿಯ ಕಛೇರಿಗಳವರು, ಸುದ್ದಿಯು ಬಂದು ಮುಟ್ಟಿತೆಂದು ತಿಳಿಸಲು ಇದನ್ನು ಬಳಸತೊಡಗಿದರು.

ಇಂದು ಅದರ ಅರ್ಥಗಳು ಹಲವು. “ಹೋಗೋಣವೆ?” ಎಂದರೆ ಅದು ಒಪ್ಪಿಗೆ. ಬಿದ್ದವನನ್ನು ವಿಚಾರಿಸಿದರೆ ‘ಪೆಟ್ಟಾಗಿಲ್ಲ’. ಅಡಿಗೆ ಹೇಗಿದೆಯೆಂದರೆ ‘ಪರವಾಯಿಲ್ಲ’ ಎಂಬ ಅರೆಮನಸ್ಸಿನ ಹೊಗಳಿಕೆ. ಇನ್ನಷ್ಟು ಬಡಿಸಹೋದರೆ ‘ಸಾಕು’. ಮೇಲಧಿಕಾರಿಯು ಕಾಗದಕ್ಕೆ ‘ಓ. ಕೆ. ಮಾಡಿದರು’ ಎಂದರೆ ಮಂಜೂರಾತಿ. ದೂರವಾಣಿಯಲ್ಲಿ ಮಾತು ಮುಗಿಸುವಾಗ ‘ಇನ್ನು ಬಿಡೋಣ’.

ನಮ್ಮ ‘ಸರಿ’ಯೂ ಕಡಿಮೆಯದಲ್ಲ, ‘ಸರಿ ಸರಿ’ ಎಂದು ಎರಡು ಬಾರಿ ಹೇಳಿದರೆ ಒಪ್ಪಿಗೆಯೇ ಹೀಯಾಳಿಕೆಯಾಗುವುದುಂಟು. ಆದುದರಿಂದ ದೋಷವು ಪರಭಾಷೆಯದೆನ್ನಲಾಗದು. ತಂದೆಯು ಕೇಳಿದುದು ಒಪ್ಪಿಗೆಯ ಓ. ಕೆ.; ಮಗನು ಕೊಟ್ಟುದು ತಂತಿಯವನ ಓ. ಕೆ. ಇಬ್ಬರೂ ಸುಳ್ಳಾಡಲಿಲ್ಲ, ಆದರೂ ಮುದುಕಿಯು ಜಗಲಿಯಲ್ಲೇ ಉಳಿದಳು.

ಚಿಕ್ಕಪುಟ್ಟ ಕೆಲಸಗಳಿಗೆ ಈ ಶಬ್ದವು ಧಾರಾಳವಾಗಿ ಸಾಕು. ಆದರೆ ರೋಗಿಯ ಆರೈಕೆ, ಸಾಲದ ಹೊಣೆ, ಮಗಳ ಮದುವೆ ಮೊದಲಾದ ವಿಷಯಗಳಲ್ಲಿ, ಹಿರಿಯರು ಎರಡಕ್ಷರಕ್ಕೆ ತೃಪ್ತರಾಗದೆ, ಇನ್ನೊಂದು ಪ್ರಶ್ನೆಯನ್ನು ಮೃದುವಾಗಿ ಕೇಳುವುದು ಲೇಸು. ‘ಕರೆದುಕೊಂಡು ಹೋಗುತ್ತೇನೆ’ ಎಂಬ ಕನ್ನಡದ ಮಾತಿನಲ್ಲಿ ‘ನಾನು’ ಎಂಬುದು ಕ್ರಿಯಾಪದದೊಳಗೇ ಸೇರಿರುವುದು. ಹೇಳಿದವನು ಅದಕ್ಕೆ ಸಿಕ್ಕಿಕೊಳ್ಳುತ್ತಾನೆ. ‘ಓ. ಕೆ.’ ಎಂಬುದರಲ್ಲಿ ಕೆಲಸವೂ ಇಲ್ಲ, ಮಾಡುವವನೂ ಇಲ್ಲ.