ಸಾಕು ಬೆಕ್ಕುಗಳಲ್ಲಿ ಉಬ್ಬಸ: ಮನೆಯಲ್ಲಿ ವಹಿಸಬೇಕಾದ ಕ್ರಮಗಳು

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿ ಹಾಗೂ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಗ್ರಾಮಗಳಲ್ಲಿ ಜೋಳ, ತೊಗರಿ ಸಂಗ್ರಹಿಸುವ ಮನೆಗಳಲ್ಲಿ ಇಲಿಗಳ ಹಾವಳಿ ತಡೆಯಲು ಬೆಕ್ಕು ಸಾಕುವುದು ರೂಢಿಯಲ್ಲಿದೆ. ಎತ್ತು, ಎಮ್ಮೆ ಮೇವು ಬಿಟ್ಟರೆ ಅದೇ ದಿನ ಪಶು ಆಸ್ಪತ್ರೆಗೆ ಬರುವ ಕುಟುಂಬಗಳೂ ಬೆಕ್ಕಿನ ಕೆಮ್ಮನ್ನು ಸಾಮಾನ್ಯವಾಗಿ ಕಡೆಗಣಿಸುತ್ತವೆ. "ಕೂದಲು ನುಂಗಿದೆ, ಕಕ್ಕಿದರೆ ಸರಿಹೋಗುತ್ತದೆ" ಎಂಬ ಭಾವನೆಯೇ ಇದಕ್ಕೆ ಮುಖ್ಯ ಕಾರಣ.

ಕೂದಲುಂಡೆ ಕಕ್ಕುವ ಬೆಕ್ಕಿನ ಹೊಟ್ಟೆ ಕಿವುಚಿದಂತಾಗಿ, ಕೊನೆಗೆ ಕೂದಲು ಅಥವಾ ನೊರೆ ಹೊರಬರುತ್ತದೆ. ಉಬ್ಬಸ (ಆಡುಮಾತಿನಲ್ಲಿ ದಮ್ಮು) ಇರುವ ಬೆಕ್ಕು ಎದೆಯನ್ನು ನೆಲಕ್ಕೆ ತಾಗಿಸಿ, ಕತ್ತನ್ನು ಮುಂದಕ್ಕೆ ಚಾಚಿ ಕೆಮ್ಮುತ್ತದೆ, ಏನೂ ಹೊರಬರುವುದಿಲ್ಲ. ಆಸ್ಪತ್ರೆಗೆ ತಂದಾಗ ಬೆಕ್ಕು ಕೆಮ್ಮದೇ ಇರುವುದೇ ಹೆಚ್ಚು. ಆದುದರಿಂದ ಕೆಮ್ಮುವ ದೃಶ್ಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತರುವುದು ಸೂಕ್ತ.

ರೋಗದ ಸ್ವರೂಪ

ಗಾಳಿಯಲ್ಲಿರುವ ಧೂಳು, ಹೊಗೆ, ಬೂಷ್ಟು ಮುಂತಾದ ಕಣಗಳಿಗೆ ದೇಹವು ಅತಿಯಾಗಿ ಪ್ರತಿಕ್ರಿಯಿಸಿದಾಗ ಶ್ವಾಸನಾಳಗಳ ಒಳಪದರ ಊದಿಕೊಂಡು, ಲೋಳೆ ತುಂಬಿ, ದಾರಿ ಕಿರಿದಾಗುತ್ತದೆ. ಉಸಿರನ್ನು ಹೊರಬಿಡುವುದು ಹೆಚ್ಚು ಕಷ್ಟವಾಗುತ್ತದೆ. ಇದು ಮನುಷ್ಯರಿಗಾಗಲಿ ಬೇರೆ ಬೆಕ್ಕುಗಳಿಗಾಗಲಿ ಅಂಟುವ ರೋಗವಲ್ಲ. ಸಂಪೂರ್ಣ ಗುಣವಾಗದಿದ್ದರೂ ಹತೋಟಿಯಲ್ಲಿಡಬಹುದು.

ಇಲಿ, ಹಲ್ಲಿ, ಹಕ್ಕಿಗಳನ್ನು ತಿನ್ನುವ ಬೆಕ್ಕುಗಳಿಗೆ ಶ್ವಾಸಕೋಶದ ಜಂತು ತಗುಲಿದಾಗಲೂ ಇಂಥದೇ ಕೆಮ್ಮು ಬರುತ್ತದೆ. ಕಾಳಿನ ಮನೆಯ ಬೆಕ್ಕಿಗೆ ಈ ಸಾಧ್ಯತೆಯನ್ನು ಮರೆಯುವಂತಿಲ್ಲ. ಮಲ ಪರೀಕ್ಷೆ, ಜಂತುನಾಶಕ ಔಷಧಿ ಹಾಗೂ ಎದೆಯ ಕ್ಷ-ಕಿರಣ ಪರೀಕ್ಷೆಯ ಬಗ್ಗೆ ಪಶುವೈದ್ಯರು ತೀರ್ಮಾನಿಸುವರು.

ಮನೆಯ ಗಾಳಿ

ರಾಶಿಯ ದಿನಗಳಲ್ಲಿ ಬೆಕ್ಕನ್ನು ಕಣದಿಂದ ದೂರವಿರುವ ಕೋಣೆಯಲ್ಲಿ ಇರಿಸತಕ್ಕದ್ದು. ಹೊಟ್ಟು, ಕಣಿಕೆಯ ಬಣವೆ ಹಾಗೂ ಗೋಣಿಚೀಲಗಳ ಮೇಲೆ ಮಲಗಲು ಬಿಡದೆ, ವಾರಕ್ಕೊಮ್ಮೆ ಒಗೆಯಬಹುದಾದ ಹತ್ತಿ ಬಟ್ಟೆಯನ್ನು ಹಾಸಬೇಕು. ಮಲವಿಸರ್ಜನೆಗೆ ಒಲೆಯ ಬೂದಿ ಹಾಕುವ ಪದ್ಧತಿ ಹಲವೆಡೆ ಇದೆ. ಬೆಕ್ಕು ಕೆದರಿದಾಗಲೆಲ್ಲ ಬೂದಿ ಅದರ ಮೂಗಿಗೇ ಏರುವುದರಿಂದ ಉಬ್ಬಸದ ಬೆಕ್ಕಿಗೆ ಇದಕ್ಕಿಂತ ಕೆಟ್ಟದ್ದು ಕಡಿಮೆ. ತೊಳೆದ ದಪ್ಪ ಮರಳು ಅಥವಾ ಹರಿದ ದಿನಪತ್ರಿಕೆ ಬಳಸಬಹುದು. ಸೌದೆ ಒಲೆಯ ಹೊಗೆ, ಬೀಡಿ, ಸೊಳ್ಳೆಬತ್ತಿ, ಊದಿನಕಡ್ಡಿ, ಲೋಬಾನಗಳೂ ರೋಗವನ್ನು ಕೆರಳಿಸುತ್ತವೆ. ದೇವರ ಮುಂದೆ ಊದಿನಕಡ್ಡಿ ಹಚ್ಚುವುದನ್ನು ನಿಲ್ಲಿಸಬೇಕಾಗಿಲ್ಲ, ಆ ವೇಳೆ ಬೆಕ್ಕು ಬೇರೆಡೆ ಇದ್ದರೆ ಸಾಕು. ಕಸ ಗುಡಿಸುವ ಮೊದಲು ನೀರು ಚಿಮುಕಿಸುವುದು ಒಳ್ಳೆಯದು.

ಔಷಧೋಪಚಾರ

ಪಶುವೈದ್ಯರು ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಮಾತ್ರೆಯಿಂದ ಚಿಕಿತ್ಸೆ ಆರಂಭಿಸಿ ಪ್ರಮಾಣವನ್ನು ಕ್ರಮೇಣ ಇಳಿಸುತ್ತಾರೆ. ದೀರ್ಘಕಾಲಕ್ಕೆ ಫ್ಲೂಟಿಕಾಸೋನ್ ಇನ್‌ಹೇಲರನ್ನು ಮುಖವಾಡವಿರುವ ಸ್ಪೇಸರ್ ಮೂಲಕ ನೀಡಬಹುದು. ಬೆಕ್ಕು ಮುಖವಾಡದೊಳಗೆ 7ರಿಂದ 10 ಬಾರಿ ಉಸಿರಾಡಬೇಕು. ಮೊದಲ ಕೆಲವು ದಿನ ಔಷಧಿಯಿಲ್ಲದೆ, ಮುಖವಾಡದ ಬಳಿ ಆಹಾರವಿಟ್ಟು ಅಭ್ಯಾಸ ಮಾಡಿಸತಕ್ಕದ್ದು. ಒಮ್ಮೆ ಒತ್ತಾಯಪಡಿಸಿದರೆ ಬೆಕ್ಕು ಅದನ್ನು ಮರೆಯುವುದಿಲ್ಲ. ಇನ್‌ಹೇಲರಿನ ಪೂರ್ಣ ಪರಿಣಾಮ ಕಾಣಲು 1ರಿಂದ 2 ವಾರ ಬೇಕಾಗುವುದರಿಂದ ಅಲ್ಲಿಯವರೆಗೆ ಮಾತ್ರೆಯನ್ನು ನಿಲ್ಲಿಸಬಾರದು. ಸಾಲ್ಬುಟಮಾಲ್ ತುರ್ತು ಸಮಯಕ್ಕೆ ಮಾತ್ರ. ಅದು ಊತವನ್ನು ಇಳಿಸುವುದಿಲ್ಲ.

ಕೆಮ್ಮು ನಿಂತ ಕೂಡಲೇ ಔಷಧಿ ಬಿಡುವುದರಿಂದ ರೋಗ ಮರುಕಳಿಸುತ್ತದೆ. ಕೆಮ್ಮಿಲ್ಲದಿದ್ದರೂ ಊತ ಒಳಗೆ ಇರಬಹುದು. ಚಿಕಿತ್ಸೆಯಲ್ಲಿರುವ ಬೆಕ್ಕು ಅತಿಯಾಗಿ ನೀರು ಕುಡಿಯತೊಡಗಿದರೆ ಮಧುಮೇಹದ ಶಂಕೆಯಿಂದ ವೈದ್ಯರಿಗೆ ತಿಳಿಸಬೇಕು.

ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದಿಗೂ ಕೊಡಬಾರದು. ಅದನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ರಕ್ತವು ಆಮ್ಲಜನಕ ಹೊರುವ ಸಾಮರ್ಥ್ಯ ಕಳೆದುಕೊಳ್ಳುತ್ತದೆ, ಒಂದೇ ಮಾತ್ರೆಯಿಂದ ಪ್ರಾಣ ಹೋಗಬಹುದು. ನೀಲಗಿರಿ ಎಣ್ಣೆ, ಕರ್ಪೂರ ಹಚ್ಚುವುದೂ ಅಪಾಯಕರ.

ತುರ್ತು ಸಂದರ್ಭ

ಬೆಕ್ಕು ನಿದ್ರಿಸುವಾಗ ಎದೆಯ ಏರಿಳಿತವನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಬೇಕು. ಗುರುಗುಟ್ಟುತ್ತಿರುವಾಗ ಎಣಿಸಿದ ಲೆಕ್ಕ ತಪ್ಪಾಗಬಹುದು. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಪದೇ ಪದೇ ಕಂಡುಬಂದರೆ ಪಶುವೈದ್ಯರನ್ನು ಸಂಪರ್ಕಿಸತಕ್ಕದ್ದು. 40 ದಾಟಿದರೆ, ಬಾಯಿ ತೆರೆದು ಉಸಿರಾಡಿದರೆ ಅಥವಾ ಒಸಡು ನೀಲಿಗಟ್ಟಿದರೆ ತಡಮಾಡುವಂತಿಲ್ಲ. ಬಾಯಿಗೆ ನೀರು, ಹಾಲು ಹಾಕದೆ, ಬಿಗಿಯಾಗಿ ಹಿಡಿಯದೆ, ವೈದ್ಯರು ಮೊದಲೇ ಸೂಚಿಸಿದ್ದರೆ ಸಾಲ್ಬುಟಮಾಲ್ ನೀಡಿ, ಗಾಳಿಯಾಡುವ ಬುಟ್ಟಿಯಲ್ಲಿ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಬೇಕು.

ಪಶುವೈದ್ಯ ಸೇವೆಯ ಉಚಿತ ಸಹಾಯವಾಣಿ ಸಂಖ್ಯೆ 1962. ಹೆಚ್ಚಿನ ತಪಾಸಣೆಗೆ ಬೀದರಿನ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಇದೆ. ದೂರದ ಪ್ರಯಾಣವಾದುದರಿಂದ ಸ್ಥಳೀಯ ಪಶುವೈದ್ಯರ ಸಲಹೆ ಪಡೆದು ತೆರಳುವುದು, ಹಳೆಯ ಔಷಧಿ ಚೀಟಿ ಹಾಗೂ ಉಸಿರಾಟದ ಲೆಕ್ಕ ಬರೆದಿಟ್ಟ ಕಾಗದವನ್ನು ಜೊತೆಗೆ ಒಯ್ಯುವುದು.